ಚಿಪ್ಪಿನ ಬೋರಾನ್‌ನಿಂದ ಹಳೇ ಗಾಳಿಯ ಲೆಕ್ಕ

ಹಳೇ ಕಾಲದ ಗಾಳೀಲಿ ಕಾರ್ಬನ್ ಡೈಆಕ್ಸೈಡ್ ಎಷ್ಟಿತ್ತು ಅಂತ ಲೆಕ್ಕ ಹಾಕೋ ದಾರಿ ಇದು. ಅಂಟಾರ್ಕ್ಟಿಕಾದ ಡೋಮ್ ಸಿ ಅನ್ನೋ ಜಾಗದಲ್ಲಿ ಕೊರೆದು ತೆಗೆದ ಮಂಜುಗಡ್ಡೆ ಕಂಬದಲ್ಲಿ (ಐಸ್ ಕೋರ್) ಹಳೇ ಗಾಳಿ ಗುಳ್ಳೆಯಾಗಿ ಹಾಗೇ ಉಳಿದಿದೆ, ಆದ್ರೆ ಅದು 8 ಲಕ್ಷ ವರ್ಷದವರೆಗೆ ಅಷ್ಟೇ. ಕೋಟಿಗಟ್ಲೆ ವರ್ಷ ಹಿಂದೆ ಹೋಗ್ಬೇಕಂದ್ರೆ ಸಮುದ್ರ ತಳದ ಕೆಸರು ಒಂದು ಮುಖ್ಯ ದಾರಿ.

ಕೆಸರಲ್ಲಿ ಗಾಳಿ ಎಲ್ಲಿಂದ ಬಂತು ಅಂತ ನಂಗೂ ಮೊದಲು ಗೊಂದಲ ಆಗಿತ್ತು. ಗಾಳಿ ಇರಲ್ಲ, ಇರೋದು ಫೊರಾಮಿನಿಫೆರಾ ಅನ್ನೋ ಏಕಕೋಶ ಜೀವಿಗಳ ಸುಣ್ಣದ ಚಿಪ್ಪು, ಮರಳಿನ ಕಾಳಿನಷ್ಟು ಸಣ್ಣದು. ಆ ಚಿಪ್ಪಲ್ಲಿ ದಾಖಲಾಗಿರೋದು ಅದು ಬೆಳೆದ ನೀರಿನ ಪಿಎಚ್ (ನೀರು ಎಷ್ಟು ಆಮ್ಲೀಯ ಅನ್ನೋ ಅಳತೆ, ಆಮ್ಲ ಹೆಚ್ಚಿದ್ರೆ ಪಿಎಚ್ ಕಮ್ಮಿ), ಗಾಳಿ ಅಲ್ಲ. ಇದನ್ನ ತಲೇಲಿಟ್ಕೊಳ್ಳಿ.

ಸಮುದ್ರದ ನೀರಲ್ಲಿ ಬೋರಾನ್ ಅನ್ನೋ ಮೂಲವಸ್ತು ಬೋರಿಕ್ ಆಸಿಡ್ ಆಗಿ, ಬೋರೇಟ್ ಆಗಿ ಎರಡು ರೂಪದಲ್ಲಿರುತ್ತೆ, ಈಗಿನ ಪಿಎಚ್ ಸುಮಾರು 8.1 ಇರೋದ್ರಿಂದ ಬೋರೇಟ್ ಕಾಲು ಭಾಗದಷ್ಟು, ಪಿಎಚ್ ಇಳಿದ್ರೆ ಅದೂ ಇಳಿಯುತ್ತೆ. ಬೋರಾನ್‌ಗೆ ತೂಕ ಬೇರೆ ಇರೋ ಎರಡು ಬಗೆ (ಐಸೋಟೋಪ್) ಇವೆ: ಭಾರದ ಬೋರಾನ್-11 ಬೋರಿಕ್ ಆಸಿಡ್‌ನಲ್ಲಿ ಸ್ವಲ್ಪ ಜಾಸ್ತಿ ಸೇರುತ್ತೆ, ಹಗುರದ ಬೋರಾನ್-10 ಬೋರೇಟ್‌ನಲ್ಲಿ. ಚಿಪ್ಪು ಮುಖ್ಯವಾಗಿ ಎಳ್ಕೊಳ್ಳೋದು ಬೋರೇಟ್‌ನ. ಹಾಗಾಗಿ ಗಾಳೀಲಿ ಕಾರ್ಬನ್ ಡೈಆಕ್ಸೈಡ್ ಏರಿದ್ರೆ ನೀರಿಗೆ ಜಾಸ್ತಿ ಕರಗಿ ಪಿಎಚ್ ಇಳಿಯುತ್ತೆ, ಚಿಪ್ಪಿನ ಬೋರಾನ್ ಹಗುರ ಆಗುತ್ತೆ. ಈ ದಿಕ್ಕು ಉಲ್ಟಾ ಮಾಡ್ಕೋಬೇಡಿ, ಎಲ್ಲರೂ ಎಡವೋದು ಇಲ್ಲೇ.

ಲ್ಯಾಬ್ ಕೆಲಸ ಮಾತ್ರ ತಾಳ್ಮೆದು. ಮೈಕ್ರೋಸ್ಕೋಪ್ ಕೆಳಗೆ ಒದ್ದೆ ಬ್ರಷ್ ತುದೀಲಿ ಅಕ್ಕಿ ಆರಿಸಿದ ಹಾಗೆ ಒಂದೊಂದೇ ಚಿಪ್ಪು ತೆಗೀಬೇಕು, ಒಂದೇ ಜಾತಿ, ಒಂದೇ ಸೈಜ್. ಆಮೇಲೆ ಒಡೆದು ತೊಳೀಬೇಕು, ಯಾಕಂದ್ರೆ ಅಂಟಿರೋ ಜೇಡಿಯಲ್ಲೂ ಬೋರಾನ್ ಇರುತ್ತೆ. ಗಾಜಿನ ಪಾತ್ರೆ ಬಳಸೋ ಹಾಗಿಲ್ಲ, ಲ್ಯಾಬ್ ಗಾಜು ಅಂದ್ರೆ ಬೋರೋಸಿಲಿಕೇಟ್, ಅದೇ ಸ್ಯಾಂಪಲ್‌ನ ಕೆಡಿಸಿಬಿಡುತ್ತೆ, ಅದಕ್ಕೇ ಟೆಫ್ಲಾನ್.

ಗಾಳಿಯ ಕಾರ್ಬನ್ ಡೈಆಕ್ಸೈಡ್ ಲೆಕ್ಕಕ್ಕೆ ಪಿಎಚ್ ಒಂದೇ ಸಿಕ್ರೆ ಸಾಲಲ್ಲ. ನೀರಿನ ಉಷ್ಣತೆ ಬೇಕು, ಅದು ಅದೇ ಚಿಪ್ಪಿನ ಮೆಗ್ನೀಸಿಯಂ-ಕ್ಯಾಲ್ಸಿಯಂ ಅನುಪಾತದಿಂದ ಸಿಗುತ್ತೆ, ಜೊತೆಗೆ ಆಲ್ಕಲಿನಿಟಿ (ಆಸಿಡ್ ತಡ್ಕೊಳ್ಳೋ ನೀರಿನ ಶಕ್ತಿ) ಬೇಕು, ಇದನ್ನ ಹೆಚ್ಚಾಗಿ ಅಂದಾಜು ಮಾಡ್ತಾರೆ. ಜಾಗವೂ ನೋಡ್ಬೇಕು: ನಮ್ಮ ಅರಬ್ಬೀ ಸಮುದ್ರದಲ್ಲಿ ಮುಂಗಾರು ಹೊತ್ತಿಗೆ ತಳದ ನೀರು ಮೇಲೆ ಬಂದು ಗಾಳಿಗೇ ಕಾರ್ಬನ್ ಡೈಆಕ್ಸೈಡ್ ಬಿಡುತ್ತೆ, ಅಲ್ಲಿನ ಚಿಪ್ಪು ಗಾಳಿಗಿಂತ ಜಾಸ್ತಿ ಲೆಕ್ಕ ತೋರಿಸುತ್ತೆ. ಕೆರಿಬಿಯನ್ ಸಮುದ್ರದಲ್ಲಿ ತಳ ಕೊರೆದು ಕೆಸರು ತೆಗೆದ 999ನೇ ಸೈಟ್‌ನಲ್ಲಿ ಆ ವ್ಯತ್ಯಾಸ ಚಿಕ್ಕದು, ಅದಕ್ಕೇ ಈ ವಿಷಯದ ಬರಹಗಳಲ್ಲಿ ಆ ಸೈಟ್ ಹೆಸರು ಅಷ್ಟು ಸಲ ಬರೋದು.

ಇನ್ನೊಂದು ತೊಡಕು, ಸಮುದ್ರದ ಒಟ್ಟು ಬೋರಾನ್‌ನ ಐಸೋಟೋಪ್ ಪ್ರಮಾಣವೂ ನಿಧಾನಕ್ಕೆ ಬದಲಾಗುತ್ತೆ. 30 ಲಕ್ಷ ವರ್ಷ ಹಿಂದಿನ ಪ್ಲಿಯೋಸೀನ್ ಯುಗಕ್ಕೆ ಇದರ ಚಿಂತೆ ಕಮ್ಮಿ, ಅಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 400 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 400 ಭಾಗ) ಬರುತ್ತೆ. 5 ಕೋಟಿ ವರ್ಷ ಹಿಂದಿನ ಇಯೋಸೀನ್ ಯುಗಕ್ಕೆ 1000 ದಾಟುತ್ತೆ, ಆದ್ರೆ ಅಂದಾಜಿನ ಅಗಲವೂ ದೊಡ್ಡದು.

ಇದನ್ನ ನಂಬೋದಕ್ಕೆ ನಂಗೆ ಸಾಕಾಗಿದ್ದು ಒಂದೇ ಚಿತ್ರ: ಐಸ್ ಕೋರ್‌ನ 180ರಿಂದ 280 ಪಿಪಿಎಂ ಏರಿಳಿತದ ಗೆರೆ ಮೇಲೆ ಚಿಪ್ಪಿನಿಂದ ಬಂದ ಲೆಕ್ಕದ ಚುಕ್ಕಿಗಳನ್ನ ಇಟ್ರೆ, ಹಿಮಯುಗ ಬಂದಾಗೆಲ್ಲ ಅವೂ ಜೊತೇಲೇ ಇಳೀತವೆ.