ಹಿಡಿಂಬನ ಹಲ್ಲು, ಸೌರಾನ್‌ನ ಉಂಗುರ

ಚಿತ್ರದುರ್ಗದ ಕೋಟೆಯೊಳಗೆ ಹಿಡಿಂಬೇಶ್ವರನ ಗುಡಿಯಿದೆ. ದೊಡ್ಡದೊಂದು ಎಲುಬಿನ ತುಂಡನ್ನು ಹಿಡಿಂಬಾಸುರನ ಹಲ್ಲೆಂದೂ, ಕಬ್ಬಿಣದ ತಗಡುಗಳ ಭಾರೀ ನಗಾರಿಯೊಂದನ್ನು ಭೀಮನ ಭೇರಿಯೆಂದೂ ಅಲ್ಲಿ ಹೇಳುವ ವಾಡಿಕೆ. ಹಲ್ಲು ಯಾವ ಪ್ರಾಣಿಯದು ಎಂಬ ಚರ್ಚೆ ಬೇರೆ. ನನ್ನ ಕುತೂಹಲ ಗುಡಿಯ ಹೆಸರಿನದು. ಕೊಂದವನು ಭೀಮ, ಹೆಸರು ಉಳಿದದ್ದು ಸತ್ತವನದು. ಅದೂ ಶಿವನ ಹೆಸರಿನ ಜೊತೆಗೇ ಅಂಟಿಕೊಂಡು.

ಇಂಥ ಊರಿನಲ್ಲಿ ಬೆಳೆದವರು ಇಂಗ್ಲಿಷಿನ ಫ್ಯಾಂಟಸಿ ಕಾದಂಬರಿ ತೆರೆದರೆ ಅಲ್ಲೊಬ್ಬ ಕತ್ತಲ ದೊರೆ ಸಿಗುತ್ತಾನೆ. ಕಪ್ಪು ಗೋಪುರ, ಸುಟ್ಟ ನೆಲ, ಲೆಕ್ಕವಿಲ್ಲದ ದಂಡು. ಎಲ್ಲ ಸರಿ, ಆದರೆ ಅವನು ಯಾರ ಮಗ? ನಮ್ಮ ಸೀಮೆಯ ದೊಡ್ಡಾಟದಲ್ಲಿ ರಕ್ಕಸನೇ ಆಗಲಿ ರಾಜನೇ ಆಗಲಿ ರಂಗಕ್ಕೆ ಬಂದ ಕೂಡಲೇ ಸಾರಥಿ ಕೇಳುವುದು ಅದನ್ನೇ: ತಾವು ಯಾರು, ಯಾವ ಪಟ್ಟಣದವರು, ಬಂದ ಕಾರಣವೇನು? ರಕ್ಕಸ ಮೀಸೆ ತಿರುವಿ, ಹಲಗೆ ಮುರಿಯುವಂತೆ ಕುಣಿದು, ತನ್ನ ಪ್ರವರ ಒಪ್ಪಿಸಿದ ಮೇಲೆಯೇ ಕತೆ ಮುಂದುವರಿಯುವುದು. ಕತ್ತಲ ದೊರೆಗೂ ಸಾರಥಿಯ ಪ್ರಶ್ನೆ ಹಾಕಿ ನೋಡಬೇಕು.

ಉತ್ತರ ಕಾದಂಬರಿಗಳಿಗಿಂತ ಬಹಳ ಹಿಂದಿನದು. ಒಬ್ಬನೇ ದೇವರು, ಅವನು ಪೂರ್ಣ ಒಳ್ಳೆಯವನು ಎಂದು ನಂಬಿದವರಿಗೆ ಕೆಡುಕು ಎಲ್ಲಿಂದ ಬಂತೆಂಬುದು ಗಂಟಲ ಮುಳ್ಳು. ಇರಾನಿನ ಜರತುಷ್ಟ್ರನ ಧರ್ಮ ಒಳ್ಳೆಯ ದೇವರಾದ ಅಹುರ ಮಜ್ದನ ಎದುರಿಗೆ ಕೆಡುಕಿನ ಚೇತನವಾದ ಅಂಗ್ರ ಮೈನ್ಯುವನ್ನು ನಿಲ್ಲಿಸಿ ಆ ಮುಳ್ಳನ್ನು ಸಡಿಲಿಸಿತು. ಅಹುರ ಎಂದರೆ ನಮ್ಮ ಅಸುರನೇ. ಅವರಿಗೆ ಅಹುರ ಪೂಜ್ಯ, ದೇವ ದುಷ್ಟ. ಇಲ್ಲಿ ಅದು ತಿರುಗುಮುರುಗಾಯಿತು, ಆದರೂ ಋಗ್ವೇದದಲ್ಲಿ ವರುಣನನ್ನು ಅಸುರನೆಂದು ಗೌರವದಿಂದಲೇ ಕರೆದಿದ್ದಾರೆ. ಮೂರನೇ ಶತಮಾನದ ಮಾನಿ ಬೆಳಕು ಮತ್ತು ಕತ್ತಲೆಯನ್ನು ಎರಡು ಅನಾದಿ ರಾಜ್ಯಗಳನ್ನಾಗಿಯೇ ಮಾಡಿದ. ಅವನ ಮತದಲ್ಲಿ ಒಂಬತ್ತು ವರ್ಷದಷ್ಟು ಕಾಲ ಇದ್ದು ಹೊರಬಂದ ಕ್ರೈಸ್ತ ಚಿಂತಕ ಅಗಸ್ಟೀನ್, ಕೆಡುಕಿಗೆ ಸ್ವಂತ ಅಸ್ತಿತ್ವವೇ ಇಲ್ಲ, ಒಳ್ಳೆಯದರ ಕೊರತೆಯೇ ಕೆಡುಕು ಎಂದ. ಕಬ್ಬಿಣವಿಲ್ಲದೆ ತುಕ್ಕು ಎಲ್ಲಿಂದ ಬರಬೇಕು?

'ದಿ ಲಾರ್ಡ್ ಆಫ್ ದಿ ರಿಂಗ್ಸ್' ಎಂಬ ಉಂಗುರದ ಕಾದಂಬರಿ ಬರೆದ ಜೆ.ಆರ್.ಆರ್. ಟಾಲ್ಕಿನ್ ಹಿಡಿದದ್ದು ಈ ಕೊನೆಯ ದಾರಿ. ಅವರು ಕ್ಯಾಥೊಲಿಕರು, ಮೊದಲ ಮಹಾಯುದ್ಧದಲ್ಲಿ, 1916ರ ಸೊಮ್ ಯುದ್ಧಭೂಮಿಯಲ್ಲಿದ್ದು ಬಂದವರು. ಅವರ ಸೃಷ್ಟಿಕಥೆ ಸಂಗೀತ ಕಚೇರಿಯಿಂದ ಆರಂಭವಾಗುತ್ತದೆ. ಇಲೂವತಾರ್ ಎಂಬ ಒಬ್ಬನೇ ದೇವರು ರಾಗವನ್ನು ಎತ್ತಿಕೊಡುತ್ತಾನೆ, ಅವನಿಂದ ಹುಟ್ಟಿದ ಚೇತನಗಳು ಹಾಡುತ್ತವೆ. ಅವರಲ್ಲಿ ಎಲ್ಲರಿಗಿಂತ ಹೆಚ್ಚು ಪ್ರತಿಭೆಯುಳ್ಳ ಮೆಲ್ಕೋರ್ ತನ್ನದೇ ಸ್ವರ ತೂರಿಸಿ ಅಪಸ್ವರ ಎಬ್ಬಿಸುತ್ತಾನೆ. ಏಕೆ? ಏನನ್ನಾದರೂ ಸ್ವತಃ ಸೃಷ್ಟಿಸಬೇಕೆಂಬ ಹಂಬಲ. ಸೃಷ್ಟಿಯ ಕಿಚ್ಚನ್ನು ಹುಡುಕುತ್ತ ಶೂನ್ಯದಲ್ಲಿ ಒಬ್ಬನೇ ಅಲೆದವನು ಅವನು, ಸಿಗಲಿಲ್ಲ. ಸಿಗದವನು ಇರುವುದನ್ನು ಕೆಡಿಸಲು ಕುಳಿತ. ಸಂಗೀತ ಬಲ್ಲ ಯಾವ ಊರಿನಲ್ಲೂ ಇಂಥ ಒಬ್ಬ ಇರುತ್ತಾನೆ, ಆದ್ದರಿಂದ ಈ ಕತೆ ನನಗೆ ಬಲು ಬೇಗ ಅರ್ಥವಾಯಿತು. ಮೆಲ್ಕೋರ್‌ನ ಬಂಟ ಸೌರಾನ್, ಅಂದರೆ ಉಂಗುರದ ಕಾದಂಬರಿಯ ಕತ್ತಲ ದೊರೆ, ಮೊದಲು ದೇವಶಿಲ್ಪಿಯ ಬಳಿ ಇದ್ದವನು. ಎಲ್ಲವೂ ಅಚ್ಚುಕಟ್ಟಾಗಿ, ತಡವಿಲ್ಲದೆ ನಡೆಯಬೇಕೆಂಬುದು ಅವನ ಆಸೆ. ಒಳ್ಳೆಯ ಆಡಳಿತಗಾರನ ಗುಣವೇ ಅದು!

ಈ ಹುಟ್ಟಿನ ಕತೆ ಓದುಗರ ಕೈಗೆ ಬಂದದ್ದು ತಡವಾಗಿ. ಉಂಗುರದ ಕಾದಂಬರಿ 1954–55ರಲ್ಲಿ ಅಚ್ಚಾಯಿತು, ಅದರಲ್ಲಿ ಸೌರಾನ್ ಓದುಗರ ಎದುರು ಬರುವುದೇ ಇಲ್ಲ ಎನ್ನಬಹುದು. ಮೆಲ್ಕೋರ್‌ನ ಪುರಾಣವಿರುವ 'ಸಿಲ್ಮರಿಲಿಯನ್' ಹೊರಬಂದದ್ದು 1977ರಲ್ಲಿ, ಟಾಲ್ಕಿನ್ ತೀರಿಕೊಂಡು ನಾಲ್ಕು ವರ್ಷವಾದ ಮೇಲೆ. ಅದೇ ವರ್ಷ 'ಸ್ಟಾರ್ ವಾರ್ಸ್' ತೆರೆಗೆ ಬಂತು. ಕಾದಂಬರಿಕಾರರಾದ ಟೆರಿ ಬ್ರೂಕ್ಸ್, ಸ್ಟೀಫನ್ ಡೊನಾಲ್ಡ್‌ಸನ್ ತಮ್ಮ ತಮ್ಮ ಕತ್ತಲ ದೊರೆಗಳನ್ನು ಪೇಟೆಗೆ ತಂದದ್ದೂ ಅದೇ ವರ್ಷ. ಮುಂದಿನ ದಶಕಗಳಲ್ಲಿ ಈ ಜಾತಿಯ ದೊರೆಗಳು ಸಾಲುಗಟ್ಟಿದರು. ಬಹಳಷ್ಟು ಮಂದಿ ಗೋಪುರವನ್ನು ಎರವಲು ತಂದರು, ಅದರ ಅಡಿಪಾಯವನ್ನು ಅಲ್ಲಿಯೇ ಬಿಟ್ಟುಬಂದರು.

ನಮ್ಮ ಪುರಾಣಗಳಿಗೆ ಈ ತಾಪತ್ರಯವಿಲ್ಲ. ಕಶ್ಯಪನಿಗೆ ಅದಿತಿಯಲ್ಲಿ ಹುಟ್ಟಿದವರು ದೇವತೆಗಳು, ದಿತಿಯಲ್ಲಿ ಹುಟ್ಟಿದವರು ದೈತ್ಯರು. ಅಂದರೆ ಇದು ದಾಯಾದಿ ವ್ಯಾಜ್ಯ. ಹಿರಣ್ಯಕಶಿಪು ವೈಕುಂಠದ ಬಾಗಿಲು ಕಾಯುತ್ತಿದ್ದವನು, ಶಾಪ ತಗುಲಿ ಇಳಿದುಬಂದವನು. ಭಕ್ತನಾಗಿ ಏಳು ಜನ್ಮವೋ ವೈರಿಯಾಗಿ ಮೂರೋ ಎಂದಾಗ, ಬೇಗ ಮನೆಗೆ ಮರಳಬಹುದೆಂದು ವೈರವನ್ನೇ ಆರಿಸಿಕೊಂಡವನು. ದಾವಣಗೆರೆಯಿಂದ ಬಸ್ಸು ಹತ್ತಿ ಹರಿಹರಕ್ಕೆ ಹೋದರೆ ಗುಹಾಸುರನ ಕತೆ ಸಿಗುತ್ತದೆ. ಹರಿಯಿಂದಾಗಲಿ ಹರನಿಂದಾಗಲಿ ಸಾವು ಬಾರದಂತೆ ವರ ಪಡೆದಿದ್ದ ಅವನಿಗಾಗಿ ಇಬ್ಬರೂ ಒಂದೇ ಮೈಯಾಗಬೇಕಾಯಿತು. ಹೊಯ್ಸಳರ ದಂಡನಾಯಕ ಪೋಲಾಳ್ವ 1223–24ರಲ್ಲಿ ಕಟ್ಟಿಸಿದ ಗುಡಿಯಲ್ಲಿ ನಿಂತಿರುವುದು ಆ ಮೂರ್ತಿ. ಇಲ್ಲಿ ಕೆಡುಕಿಗೆ ಬಲ ಬರುವುದು ತಪಸ್ಸಿನಿಂದ, ದೇವರೇ ಕೊಟ್ಟ ವರದಿಂದ. ಸೌರಾನ್ ತನ್ನ ಬಲವನ್ನು ಉಂಗುರದಲ್ಲಿ ಅಡಗಿಸಿಟ್ಟದ್ದು ನಮ್ಮವರಿಗೆ ಹೊಸದೇನಲ್ಲ. ಏಳು ಸಮುದ್ರದಾಚೆಯ ಗಿಣಿಯಲ್ಲಿ ಪ್ರಾಣವಿಟ್ಟ ರಕ್ಕಸನ ಕತೆ ಕೇಳಿಯೇ ನಿದ್ದೆ ಹೋದವರು ನಾವು.

ದಂಡಿನ ವಿಚಾರಕ್ಕೆ ಬಂದಾಗ ಟಾಲ್ಕಿನ್ ತಾವೇ ಕಟ್ಟಿದ ಗಂಟಿನಲ್ಲಿ ಸಿಕ್ಕಿಕೊಂಡರು. ಕೆಡುಕು ಸೃಷ್ಟಿಸಲಾರದು, ಕೆಡಿಸಬಲ್ಲದು ಅಷ್ಟೇ ಎಂದಮೇಲೆ ಆರ್ಕ್‌ಗಳೆಂಬ ಆ ಕುರೂಪಿ ಸೈನಿಕರು ಬಂದದ್ದೆಲ್ಲಿಂದ? ಹಿಂಸೆಯಿಂದ ಕೆಟ್ಟ ಎಲ್ಫ್‌ಗಳು (ಅವರ ಕತೆಯ ಸಾವಿಲ್ಲದ ಚೆಲುವ ಜನ) ಎಂದು ಒಮ್ಮೆ, ಮನುಷ್ಯರೆಂದು ಇನ್ನೊಮ್ಮೆ ಬರೆದರು. ಕೊನೆಯವರೆಗೂ ಬಗೆಹರಿಯಲಿಲ್ಲ. ಆರ್ಕ್‌ಗಳಿಗೆ ಆತ್ಮವಿದ್ದರೆ ಸಾವಿರಗಟ್ಟಲೆ ಕಡಿಯುವುದು ಹೇಗೆ? ಹಿಡಿಂಬನ ಮನೆಯಲ್ಲಿ ಇದಕ್ಕೆ ಬೇರೊಂದು ಬಾಗಿಲಿತ್ತು. ಅಣ್ಣನನ್ನು ಕೊಂದವನನ್ನೇ ತಂಗಿ ಹಿಡಿಂಬೆ ವರಿಸಿದಳು, ಮಗ ಘಟೋತ್ಕಚ ಪಾಂಡವರಿಗಾಗಿ ಪ್ರಾಣ ಕೊಟ್ಟ. ಹಾಗೆಂದು ನಮ್ಮ ಲೆಕ್ಕವೂ ಚೊಕ್ಕವಲ್ಲ. ಘಟೋತ್ಕಚ ಸತ್ತಾಗ ಕೃಷ್ಣ ಹಿಗ್ಗಿದ ಎಂದು ಭಾರತವೇ ಹೇಳುತ್ತದೆ. ಕಾಡಿನವರಿಗೆ ರಕ್ಕಸರೆಂಬ ಹೆಸರಿಟ್ಟವರು ಊರಿನವರೇ ಇರಬೇಕೆಂಬ ಅನುಮಾನ ಈ ಬಂಡೆಗಳ ನಡುವೆ ಓಡಾಡುವಾಗ ನನ್ನನ್ನು ಬಿಡುವುದಿಲ್ಲ.

ಇಷ್ಟು ದೂರದ ಎರಡು ಪರಂಪರೆಗಳು ಒಂದು ಕಡೆ ಮಾತ್ರ ಮೈ ತಾಗುವಷ್ಟು ಹತ್ತಿರ ಬರುತ್ತವೆ. ಮೆಲ್ಕೋರ್ ಸೋತು ಸೆರೆಯಾದ ಮೇಲೆ ಸೌರಾನ್ ವಿಜೇತರ ದೂತನ ಮುಂದೆ ಬಂದು ತಪ್ಪೊಪ್ಪಿಕೊಳ್ಳುತ್ತಾನೆ. ಆ ಗಳಿಗೆಯಲ್ಲಿ ಅದು ನಿಜವಾದ ಪಶ್ಚಾತ್ತಾಪವೇ ಇದ್ದೀತು. ಆದರೆ ಕ್ಷಮಿಸುವ ಅಧಿಕಾರ ದೂತನಿಗಿಲ್ಲ, ಪಶ್ಚಿಮದ ದೇವಸಭೆಗೆ ಹೋಗಿ ತೀರ್ಪಿಗೆ ತಲೆಬಾಗಬೇಕು. ಆ ಅವಮಾನ ಸೌರಾನ್‌ಗೆ ಬೇಡವಾಗುತ್ತದೆ. ತಲೆಮರೆಸಿಕೊಳ್ಳುತ್ತಾನೆ, ಮತ್ತೆ ಜಾರುತ್ತಾನೆ.

ಇದಕ್ಕೆ ಎಂಟು ಶತಮಾನ ಮೊದಲೇ ನಮ್ಮ ನಾಗಚಂದ್ರನು ಜೈನ ರಾಮಾಯಣದ ರಾವಣನನ್ನು ಇದೇ ಅಂಚಿಗೆ ತಂದು ನಿಲ್ಲಿಸಿದ್ದ. ಒಲ್ಲದ ಹೆಣ್ಣನ್ನು ಮುಟ್ಟೆನೆಂದು ವ್ರತ ತೊಟ್ಟ ರಾವಣ ಅವನು. ಕಡಲೂ ಒಮ್ಮೆ ಕಾಲವಶದಿಂದ ಎಲ್ಲೆ ಮೀರುವುದಿಲ್ಲವೇ ಎಂದು ಕವಿಯೇ ಅವನ ಪರವಾಗಿ ಕೇಳುತ್ತಾನೆ. ಸೀತೆ ಮೂರ್ಛೆ ಹೋದದ್ದನ್ನು ಕಂಡು ರಾವಣನ ಮನಸ್ಸು ತಿಳಿಯಾಗುತ್ತದೆ, ಅವಳನ್ನು ಹಿಂದಿರುಗಿಸಲು ಸಿದ್ಧನಾಗುತ್ತಾನೆ. ಈಗಲೇ ಒಪ್ಪಿಸಿದರೆ ಅಂಜಿದನೆಂದಾರು, ಮೊದಲು ರಾಮ ಲಕ್ಷ್ಮಣರನ್ನು ಯುದ್ಧದಲ್ಲಿ ಸೆರೆಹಿಡಿದು ಆಮೇಲೆ ಒಪ್ಪಿಸುವೆ ಎಂದುಕೊಳ್ಳುತ್ತಾನೆ. ಹಾಗೆಂದುಕೊಂಡು ರಣಕ್ಕೆ ಹೋದವನು ಲಕ್ಷ್ಮಣನ ಕೈಯಲ್ಲಿ ಸಾಯುತ್ತಾನೆ.