ಶುಗರ್ ಗುಳಿಗೆ ಬಿಟ್ಟರು, ನೋವಿನ ಗುಳಿಗೆ ಬಿಡಲಿಲ್ಲ

ಮೇ ತಿಂಗಳ ಕಲಬುರಗಿ ಬಿಸಿಲು ಗೊತ್ತಲ್ವಾ? ಅಂಥದೊಂದು ಮಧ್ಯಾಹ್ನ ಆಳಂದ ಕಡೆಯ ತೊಗರಿ ರೈತರೊಬ್ಬರು ನನ್ನ ಕ್ಲಿನಿಕ್ಕಿಗೆ ಬಂದರು. ವಯಸ್ಸು 58. ಕ್ಯಾರಿಬ್ಯಾಗ್ ತೆಗೆದು ಟೇಬಲ್ ಮೇಲೆ ಸುರಿದರು. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಸ್ಟ್ರಿಪ್‌ನಲ್ಲಿ ಒಂದು ಗುಳಿಗೆಯೂ ಒಡೆದಿರಲಿಲ್ಲ. ನೋವಿನ ಗುಳಿಗೆ ಡೈಕ್ಲೋಫೆನಾಕ್‌ನ ಸ್ಟ್ರಿಪ್ ಎರಡಿದ್ದವು, ಎರಡೂ ಖಾಲಿ.

“ಕಿಡ್ನ್ಯಾಗ ಹರಳ ಅದ ಅಂದ್ರು ಸಾಹೇಬ್ರ. ಅದಕ್ಕ ಶುಗರ್ ಗುಳಿಗಿ ಬಿಟ್ಟೀನಿ. ಅದು ಕಿಡ್ನಿ ತಿಂತದಂತಲ್ಲ?”

ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಮೆಟ್‌ಫಾರ್ಮಿನ್ ಕಿಡ್ನಿ ತಿನ್ನುವುದಿಲ್ಲ. ಆ ಗುಳಿಗೆ ಮೈಯಿಂದ ಹೊರಹೋಗುವುದು ಕಿಡ್ನಿಯ ಮೂಲಕ, ಅಷ್ಟೇ. ಕಿಡ್ನಿ ಮೊದಲೇ ಸೋತಿದ್ದರೆ ಔಷಧ ರಕ್ತದಲ್ಲೇ ಉಳಿಯುತ್ತದೆ, ಅಪರೂಪಕ್ಕೆ ರಕ್ತದಲ್ಲಿ ಲ್ಯಾಕ್ಟಿಕ್ ಆಸಿಡ್ ಅಪಾಯದ ಮಟ್ಟಕ್ಕೆ ಏರುತ್ತದೆ. ಅದಕ್ಕೇ ನಾವು ಇಜಿಎಫ್‌ಆರ್, ಅಂದರೆ ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಅನ್ನುವ ಅಂದಾಜು ಅಂಕಿ, ನೋಡುವುದು. 45ಕ್ಕಿಂತ ಕೆಳಗಿಳಿದರೆ ಸಾಮಾನ್ಯವಾಗಿ ಡೋಸ್ ಇಳಿಸುತ್ತೇವೆ. 30ಕ್ಕಿಂತ ಕೆಳಗೆ ಹೋದರೆ ನಿಲ್ಲಿಸುತ್ತೇವೆ.

“ಕ್ರಿಯಾಟಿನಿನ್ 1.4 ಅದ, ಜಾಸ್ತಿ ಏನಿಲ್ಲ” ಅನ್ನುತ್ತಾರೆ ಕೆಲವರು. ಕ್ರಿಯಾಟಿನಿನ್ ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಸ; ಅದರ ಜೊತೆ ವಯಸ್ಸು, ಗಂಡೋ ಹೆಣ್ಣೋ ಅನ್ನುವುದನ್ನೂ ಸೇರಿಸಿ ಇಜಿಎಫ್‌ಆರ್ ಲೆಕ್ಕ ಹಾಕುತ್ತೇವೆ. ಯಾರದ್ದು ಅನ್ನುವುದು ಮುಖ್ಯ. 30 ವರ್ಷದ ಗಂಡಸಿಗೆ 1.4 ಇದ್ದರೆ ಇಜಿಎಫ್‌ಆರ್ 70ರ ಹತ್ತಿರ ಬರುತ್ತದೆ. 65 ವರ್ಷದ ಅಮ್ಮನಿಗೆ ಅದೇ 1.4 ಇದ್ದರೆ 42ರ ಆಸುಪಾಸು. ರಿಪೋರ್ಟಿನ ಅಂಕಿ ಒಂದೇ, ಕಿಡ್ನಿಯ ಸ್ಥಿತಿ ಬೇರೆ. ಹೀಗಾಗಿ ಪಕ್ಕದ ಮನೆಯವರ ಗುಳಿಗೆ ನಿಮಗೆ ಅಳತೆಯಲ್ಲ.

ಕಿಡ್ನಿಯನ್ನು ಹಾಳು ಮಾಡುವುದು ವರ್ಷಗಟ್ಟಲೆ ಏರಿ ನಿಂತ ಸಕ್ಕರೆ. ಟೈಪ್ 2 ಶುಗರ್ ಇದ್ದವರ ಮೂತ್ರದಲ್ಲಿ ಆಮ್ಲ ಜಾಸ್ತಿ ಇರುವುದರಿಂದ ಯೂರಿಕ್ ಆಸಿಡ್ ಹರಳು ಕಟ್ಟುವುದೂ ಹೆಚ್ಚು. ಹರಳಿನ ಭಯಕ್ಕೆ ಶುಗರ್ ಗುಳಿಗೆ ಬಿಟ್ಟರೆ ಎರಡೂ ಕಡೆ ನಷ್ಟ.

ಇನ್ನು ಡೈಕ್ಲೋಫೆನಾಕ್. ಹರಳಿನ ನೋವಿಗೆ ಅದು ಒಳ್ಳೆಯ ಔಷಧ, ನಾನೂ ಕೊಡುತ್ತೇನೆ. ಆದರೆ ಒಂದೆರಡು ಸಲ, ಕಿಡ್ನಿ ನೋಡಿಕೊಂಡು. ಬಿಸಿಲಲ್ಲಿ ಮೈ ಒಣಗಿದಾಗ, ಬಿಪಿಗೆ ಟೆಲ್ಮಿಸಾರ್ಟನ್ ನಡೆಯುತ್ತಿರುವಾಗ, ದಿನಕ್ಕೆರಡರಂತೆ ನುಂಗಿದರೆ ಕಿಡ್ನಿಗೆ ರಕ್ತ ಹರಿಯುವುದೇ ಕಡಿಮೆಯಾಗುತ್ತದೆ. ಹರಳು ಕರಗಿಸಲು ಕೊಡುವ ಪೊಟ್ಯಾಸಿಯಂ ಸಿಟ್ರೇಟ್ ಸಿರಪ್ಪೂ ಹಾಗೇ. ಕಿಡ್ನಿ ಸೋತವರಿಗೆ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಮೆಡಿಕಲ್‌ನವರನ್ನು ಕೇಳಿ ಸುಮ್ನೆ ಬಾಟಲಿ ತರುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಆ ರೈತರ ಕ್ರಿಯಾಟಿನಿನ್ 1.9 ಬಂತು. ಜನವರಿಯಲ್ಲಿ 1.2 ಇತ್ತು. ಮೊದಲು ನೋವಿನ ಗುಳಿಗೆ ನಿಲ್ಲಿಸಿದೆ, ಸಲೈನ್ ಹಾಕಿಸಿದೆ. ಕಿಡ್ನಿ ಏಟು ತಿಂದಿತ್ತು, ಹಾಗಾಗಿ ಮೆಟ್‌ಫಾರ್ಮಿನ್ ಕೂಡ ಆಗ ಕೊಡಲಿಲ್ಲ. ಸ್ವಲ್ಪ ದಿನ ಇನ್ಸುಲಿನ್ ನಡೆಯಿತು. 1.3ಕ್ಕೆ ಇಳಿದ ಮೇಲೆ ಅದೇ ಒಡೆಯದ ಸ್ಟ್ರಿಪ್ಪಿನಿಂದ ಮತ್ತೆ ಶುರು ಮಾಡಿಸಿದೆ. ಹರಳು ಮೂತ್ರನಾಳದ ಕೆಳಭಾಗದಲ್ಲಿತ್ತು, 5 ಮಿಲಿಮೀಟರ್. ಆಪರೇಷನ್ ಬೇಕಾಗಲಿಲ್ಲ. ಮೂರನೇ ವಾರ ತಾನಾಗಿ ಬಿತ್ತು. ಕಾಗದದಲ್ಲಿ ಮಡಚಿ ತಂದು ತೋರಿಸಿದರು, ಜೋಳದ ಕಾಳಿನಷ್ಟಿತ್ತು.

ಎಲ್ಲರದ್ದೂ ಹೀಗೇ ಸಲೀಸಾಗಿ ಬೀಳುತ್ತದೆ ಅಂತ ನಾನು ಹೇಳುವುದಿಲ್ಲ. ಶುಗರ್ ಇದ್ದು, ಹರಳಿನ ನೋವಿನ ಜೊತೆ ಚಳಿಜ್ವರವೂ ಬಂದರೆ ಬೆಳಗಾಗುವವರೆಗೆ ಕಾಯಬೇಡಿ. ಅದೇ ರಾತ್ರಿ ಆಸ್ಪತ್ರೆಗೆ ಹೋಗಿ, ಕ್ಯಾರಿಬ್ಯಾಗ್ ಸಮೇತ.