ರಕ್ತನಾಳ ಸರಿಯಿತ್ತು, ಆದರೂ ಹೃದಯಾಘಾತ

ಕಳೆದ ಮಳೆಗಾಲದಲ್ಲಿ ಉಳ್ಳಾಲ ಕಡೆಯ ಅಮ್ಮ ಒಬ್ಬರನ್ನು ಎದೆನೋವೆಂದು ಮಂಗಳೂರಿನ ನಮ್ಮ ಆಸ್ಪತ್ರೆಗೆ ಕರೆತಂದರು. ಬೀಡಿ ಕಟ್ಟಿ ಬದುಕುವವರು. ಇಸಿಜಿಯಲ್ಲಿ ಹೃದಯಾಘಾತ ಕಾಣಿಸಿತು. ಆಂಜಿಯೋಗ್ರಾಂ ಮಾಡಿದರೆ ರಕ್ತನಾಳಗಳಲ್ಲಿ ಕೊಬ್ಬು ಕಟ್ಟಿದ ಗುರುತೇ ಇಲ್ಲ! ಒಂದು ಕವಲಿನಲ್ಲಿ ಮಾತ್ರ ಹೆಪ್ಪುಗಟ್ಟಿದ ರಕ್ತ ಸಿಕ್ಕಿಕೊಂಡಿತ್ತು. ಅದು ಬೇರೆ ಕಡೆಯಿಂದ ತೇಲಿ ಬಂದದ್ದು.

ಅವರ ನಾಡಿಯಲ್ಲೇ ಉತ್ತರವಿತ್ತು. ಒಂದು ಬಡಿತ ಜೋರು, ಇನ್ನೊಂದು ಮೆಲ್ಲಗೆ, ನಡುವೆ ಎಲ್ಲೋ ಒಂದು ಸಿಗುವುದೇ ಇಲ್ಲ. ಚೆಂಡೆ ಎಷ್ಟೇ ಬಿರುಸಾಗಲಿ, ಪೆಟ್ಟಿಗೊಂದು ಲೆಕ್ಕ ಇರುತ್ತದೆ ಅಲ್ವಾ? ಇಲ್ಲಿ ಯಾವ ಲೆಕ್ಕವೂ ಇರಲಿಲ್ಲ. ಇದಕ್ಕೆ ಏಟ್ರಿಯಲ್ ಫಿಬ್ರಿಲೇಶನ್ ಅನ್ನುತ್ತೇವೆ.

ಇದರಲ್ಲಿ ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಹಿಂಡುವುದಿಲ್ಲ. ನಿಮಿಷಕ್ಕೆ 350ಕ್ಕೂ ಜಾಸ್ತಿ ಸಲ ಸುಮ್ನೆ ಅದುರುತ್ತವೆ. ಎಡಗಡೆಯ ಕೋಣೆಗೆ ಅಂಟಿಕೊಂಡು ಒಂದು ಸಣ್ಣ ಚೀಲವಿದೆ. ರಕ್ತ ಅದರೊಳಗೆ ನಿಂತು ಹೆಪ್ಪುಗಟ್ಟುತ್ತದೆ. ಅಲ್ಲಿಂದ ಕಳಚಿದ ತುಣುಕು ಹೆಚ್ಚಾಗಿ ಹೋಗುವುದು ಮೆದುಳಿಗೆ. ಹಾಗಾಗಿ ಇವರಿಗೆ ಲಕ್ವದ ಅಪಾಯ ಸುಮಾರು 5 ಪಟ್ಟು. ಅಪರೂಪಕ್ಕೆ ಅದು ಹೃದಯದ ಸ್ವಂತ ರಕ್ತನಾಳಕ್ಕೇ ಹೋಗುತ್ತದೆ, ಈ ಅಮ್ಮನಿಗೆ ಆದ ಹಾಗೆ.

ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಅವರ ಮೈಟ್ರಲ್ ಕವಾಟ, ಅಂದರೆ ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನ ಬಾಗಿಲು, ಕಿರಿದಾಗಿತ್ತು. ಹೆಪ್ಪುಗಟ್ಟದಿರಲು ವಾರ್ಫರಿನ್ ಮಾತ್ರೆ ಇತ್ತು. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಕಂಡು ಎರಡು ತಿಂಗಳ ಹಿಂದೆ ಬಿಟ್ಟಿದ್ದರು. "ಎದೆ ಢವಢವ ನಿಂತಿತ್ತು ಡಾಕ್ಟ್ರೇ, ಮತ್ತೆ ಮಾತ್ರೆ ಎಂತಕ್ಕೆ?" ಅಂದರು.

ನನಗೆ ತುಂಬ ಬೇಸರವಾಯಿತು, ಅವರ ಮೇಲಲ್ಲ. ಢವಢವಕ್ಕೆ ಕೊಡುವ ಮಾತ್ರೆ ಬೇರೆ, ಇದು ಬೇರೆ ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ವಸಡಿನಲ್ಲಿ ರಕ್ತ ಕಂಡರೆ ಕೂಡಲೇ ಡಾಕ್ಟರಿಗೆ ತಿಳಿಸಿ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುವ ಐಎನ್‌ಆರ್ ಪರೀಕ್ಷೆ ಮಾಡಿಸಿ. ಇಂಥವರಲ್ಲಿ ಅದು ಸಾಮಾನ್ಯವಾಗಿ 2ರಿಂದ 3ರ ಒಳಗಿರಬೇಕು. ಜಾಸ್ತಿಯಾದರೆ ಡೋಸ್ ಕಡಿಮೆ ಮಾಡುತ್ತೇವೆ. ಮೈಕೈ ನೋವಿಗೆಂದು ಅಂಗಡಿಯಿಂದ ಮಾತ್ರೆ ತಂದು ಇದರ ಜೊತೆ ನುಂಗಬೇಡಿ, ರಕ್ತಸ್ರಾವವಾಗಬಹುದು. ವಾರ್ಫರಿನ್ ಬದಲು ಆಸ್ಪಿರಿನ್ ಸಾಲದು. ಹೆಪ್ಪು ತಡೆಯುವ ಹೊಸ ಮಾತ್ರೆಗಳು ಹಲವರಿಗೆ ಒಳ್ಳೆಯವೇ, ಆದರೆ ಹೀಗೆ ಕವಾಟ ಕಿರಿದಾದವರಿಗೆ ಇಂದಿಗೂ ವಾರ್ಫರಿನ್ನೇ ಬೇಕು.

ಈಗ ಅವರು ಐಎನ್‌ಆರ್ ಚೀಟಿ ಹಿಡಿದು ತಪ್ಪದೆ ಬರುತ್ತಾರೆ. ಮೊನ್ನೆ "ಬಸಳೆ ತಿನ್ನಬಹುದಾ?" ಎಂದು ಕೇಳಿದರು. ತಿನ್ನಿ ಅಮ್ಮ, ಆದರೆ ಒಂದು ವಾರ ದಿನಾ ತಿಂದು ಮುಂದಿನ ವಾರ ಪೂರ್ತಿ ಬಿಡಬೇಡಿ ಅಂದೆ. ಸೊಪ್ಪಿನ ವಿಟಮಿನ್ ಕೆ ಏರಿಳಿದರೆ ಐಎನ್‌ಆರ್ ಕೂಡ ಏರಿಳಿಯುತ್ತದೆ.